ಯಂತ್ರದೊಳಗಿನ ಪರಿಮಳಾ

ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ, ನಾನು ಕನ್ನಡದಲ್ಲಿ ಹೇಳಿದ್ದನ್ನು ಇನ್ನೊಬ್ಬಳು ಕನ್ನಡದಲ್ಲೇ ಬಿಡಿಸಿ ಹೇಳಬೇಕಾಯಿತು. ಸಿಟಿ ಸ್ಕ್ಯಾನ್ ಮೇಜಿನ ಮೇಲೆ ಹೊಳೆಹೊನ್ನೂರಿನ ಅಜ್ಜಿಯೊಬ್ಬರು ಮಲಗಿದ್ದರು. ನಾನು ಮೈಕಿನಲ್ಲಿ, "ಉಸರ ಎಳಕೊಂಡು ಹಂಗ ಬಿಗಿ ಹಿಡೀರಿ, ಬಿಡಬ್ಯಾಡ್ರಿ" ಅಂದೆ. ಅಜ್ಜಿ ತಲೆಯೆತ್ತಿ, ಯಾಕೆ ಬೈತಿದಾರೆ ಅಂತ ಕೇಳಿದರು. ಪಕ್ಕದಲ್ಲಿದ್ದ ಸಹೋದ್ಯೋಗಿ ಪರಿಮಳಾ ಮೈಕನ್ನು ತನ್ನತ್ತ ಎಳೆದುಕೊಂಡು, "ಉಸಿರು ಒಳಗೆ ತಗೊಳ್ಳಿ ಅಜ್ಜಿ, ಹಾಗೇ ಇಟ್ಕೊಳ್ಳಿ" ಅಂದಳು. ಅಜ್ಜಿ ಹಾಗೇ ಮಾಡಿದರು.

ವಿಜಯಪುರದಲ್ಲಿ ವರ್ಷಗಟ್ಟಲೆ ಇದೇ ಕೆಲಸ ಮಾಡಿದವಳು ನಾನು. ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಇಲ್ಲಿನ ಹೊಸಮನೆ ಬಡಾವಣೆಗೆ ಬಾಡಿಗೆಗೆ ಬಂದೆವು. ನಮ್ಮಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಯಾರೂ ತಿರುಗಿ ನೋಡುವುದಿಲ್ಲ; ಇಲ್ಲಿ ಕೆಳಗಿನ ಮನೆಯವರು ಏನು ಕುಟ್ಟುತ್ತಿದ್ದೀರಿ ಎಂದು ಕೇಳಿಕೊಂಡು ಮೇಲೆ ಬಂದರು, ಎರಡು ರೊಟ್ಟಿ ತಿಂದು ಹೋದರು. ಮನೆ ಹೀಗೆ ಒಗ್ಗಿತು. ಆಸ್ಪತ್ರೆ ಒಗ್ಗಲಿಲ್ಲ; ಅಲ್ಲಿ ಪರಿಮಳಾ ಇದ್ದಳು.

ಅವಳು ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ತಮಿಳಿನವರಿಗೆ ತಮಿಳು, ತೆಲುಗಿನವರಿಗೆ ತೆಲುಗು, ಉಳಿದವರಿಗೆ ಬೆಣ್ಣೆಯಂಥ ಕನ್ನಡ. ನನ್ನನ್ನು 'ಮಾರಾಯ್ತಿ' ಅನ್ನುವಳು. ಇಲ್ಲಿ ಸಲಿಗೆಯಿಂದ ಹೆಂಗಸರನ್ನು ಹೀಗೆ ಕರೆಯುತ್ತಾರೆ. ಹೀಯಾಳಿಸುತ್ತಿದ್ದಾಳೆ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ಆಮೇಲೆ ಹೊಸ ಯಂತ್ರ ಬಂತು. ಮೊದಲೆಲ್ಲ ಶ್ವಾಸಕೋಶದ ಗಂಟನ್ನು ಅಳೆಯಲು ಪರದೆಯ ಮೇಲೆ ಎರಡು ಚುಕ್ಕಿ ಇಟ್ಟು ಗೆರೆ ಎಳೆಯುತ್ತಿದ್ದೆವು. ಇದು ತಾನೇ ಗಂಟಿನ ಅಂಚು ಹಿಡಿದು, ಸುತ್ತಲೂ ಅಳೆದು, ಹಿಂದಿನ ಸ್ಕ್ಯಾನಿಗಿಂತ ಬೆಳೆದಿದೆಯೇ ಎಂದು ತೋರಿಸುತ್ತದೆ. ಆದರೆ ರೋಗಿ ಎರಡು ಸಲವೂ ಒಂದೇ ರೀತಿ ಉಸಿರು ಹಿಡಿದಿರಬೇಕು. ಇಲ್ಲದಿದ್ದರೆ ಅಳತೆ ತಪ್ಪಬಹುದು. ಅದಕ್ಕೇ ಸೂಚನೆಯನ್ನು ಒಂದೇ ಧ್ವನಿಯಲ್ಲಿ ಯಂತ್ರದೊಳಗೆ ತುಂಬಿಸಿ ಎಂದು ಸೋಗಾನೆಯಲ್ಲಿ ವಿಮಾನ ಇಳಿದು ಬಂದ ಎಂಜಿನಿಯರ್ ಹೇಳಿದರು. ನಮ್ಮಿಬ್ಬರ ಧ್ವನಿಯನ್ನೂ ಕೇಳಿದ ಡಾಕ್ಟರು ಪರಿಮಳಾಳದ್ದನ್ನು ಆರಿಸಿದರು.

"ನಿಮ್ದು ಸ್ವಲ್ಪ ಖಡಕ್ ಆಯ್ತು, ನೀಲಾ," ಅಂದರು.

ನಮ್ಮ ಕಡೆ ಖಡಕ್ ಅಂದರೆ ಹೊಗಳಿಕೆ.

ಅಂದಿನಿಂದ ಪರಿಮಳಾ ರಜೆ ಹಾಕಿದರೂ ಕೋಣೆಯಲ್ಲಿ ಅವಳೇ. ಗುಂಡಿ ಒತ್ತುವವಳು ನಾನು, ಮಾತು ಅವಳದು. ಎಷ್ಟು ಚೆನ್ನಾಗಿ ಹೇಳಿದಿರಿ ಎಂದು ರೋಗಿಗಳು ನನಗೆ ಕೈಮುಗಿದಾಗ ಮುಂದಿನವರ ಹೆಸರನ್ನು ಜೋರಾಗಿ ಕೂಗುತ್ತಿದ್ದೆ. ಕಲಿಕೆಗೆಂದು ಎದೆಯ ಆಕಾರದ ಬೊಂಬೆಯೊಂದನ್ನು ಕೊಟ್ಟಿದ್ದರು. ಅದರೊಳಗೆ ಅಳತೆ ಗೊತ್ತಿರುವ ಪುಟ್ಟ ಗಂಟುಗಳು. ಅಭ್ಯಾಸದ ನೆಪದಲ್ಲಿ ಅದನ್ನು ಮಲಗಿಸಿ, ಯಾರೂ ಇಲ್ಲದಾಗ ಅವಳಂತೆಯೇ ಹೇಳಿ ನೋಡುತ್ತಿದ್ದೆ: ತಗೊಳ್ಳಿ, ಇಟ್ಕೊಳ್ಳಿ, ಬಿಡಿ.

ಒಂದು ಭಾನುವಾರ ಅವಳು ಭದ್ರಾವತಿಗೆ ಊಟಕ್ಕೆ ಕರೆದಳು. ನನ್ನ ಮುಖ ಅವಳಿಗೆ ಅರ್ಥವಾಗಿತ್ತೇನೋ. ಬಡಿಸುತ್ತಾ, "ನಮ್ಮ ತಾತ ಕಾರ್ಖಾನೆ ಕೆಲಸಕ್ಕೆ ಬಂದಾಗ ಅವರಿಗೆ ಕನ್ನಡ ಒಂದಕ್ಷರ ಬರ್ತಿರಲಿಲ್ಲ ಮಾರಾಯ್ತಿ. ಈಗ ನೋಡು, ನಾವು ಇಲ್ಲಿಯವರೇ," ಅಂದಳು. ಸಮಾಧಾನಕ್ಕೆಂದೇ ಹೇಳಿದಳು. ಅಷ್ಟರಲ್ಲಿ ಅಡುಗೆಮನೆಯಿಂದ ಅವಳ ಅಮ್ಮ ತಮಿಳಿನಲ್ಲಿ ಏನೋ ಕೂಗಿದರು, ಅವಳು ತಮಿಳಿನಲ್ಲೇ ಓಗೊಟ್ಟಳು. ಇಲ್ಲಿಯ ಮಾತೂ ಅವಳದು, ಮನೆಯ ಮಾತೂ ಅವಳದು. ಸಾರು ರುಚಿಯಾಗಿತ್ತು. ಅದಕ್ಕೂ ಸಿಟ್ಟು ಬಂತು.

ಮೊನ್ನೆ ವಿಜಯಪುರದ ನನ್ನ ಹಳೆಯ ಸಹೋದ್ಯೋಗಿ ಶೋಭಾ ಫೋನ್ ಮಾಡಿ, ಅಲ್ಲಿಗೂ ಅಂಥದೇ ಯಂತ್ರ ಬಂದಿದೆ, ಧ್ವನಿ ಕಳಿಸು ಅಂದಳು. ಆ ಸಂಭ್ರಮದಲ್ಲಿ ಮೊಬೈಲಿನಲ್ಲಿ ಹೇಳಿ ಅಳಿಸಿ, ಮತ್ತೆ ಹೇಳಿ ಕಳಿಸಿದೆ. ಮರುದಿನ ಅವಳೇ ಮಾತಾಡಿದಳು.

"ಚಲೋ ಐತಿ ನೀಲಾ. ಆದ್ರ ನಮ್ಮ ಮಂದಿಗೆ ಹೊರಗಿನಾಕಿ ಹೇಳಿದಂಗ ಅನಸ್ತೈತಿ. ನಮ್ಮ ರೇಣುಕಾನ ಕಡೆ ಹೇಳಿಸೀವಿ."

ಅಲ್ಲೇ ಕೆಲಸ ಮಾಡುವ ರೇಣುಕಾ ಊರು ಬಿಟ್ಟು ಎಲ್ಲಿಗೂ ಹೋದವಳಲ್ಲ. ಫೋನಿಟ್ಟು ನನ್ನದೇ ಧ್ವನಿಯನ್ನು ಹಾಕಿ ಕೇಳಿದೆ. 'ಎಳಕೊಳ್ರಿ' ಅಂದಿದ್ದೇನೆ ಎಂದೇ ನಂಬಿದ್ದೆ. ಕೇಳಿಸಿದ್ದು 'ತಗೊಳ್ಳಿ'. ಈಗ ನನ್ನ ಹೊಟ್ಟೆಕಿಚ್ಚಿಗೆ ಎರಡು ಊರು.