ಕೆಂಪು ವೈರ್‌ಗೆ ಅಂಟಿಸಿದ ಆನೋಡ್

ಹೊನ್ನಾಳಿಯ ಕಾಲೇಜೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ನಾನು ಅಟೆಂಡರ್. ಚನ್ನಗಿರಿಯಿಂದ ಬೆಳಗಿನ ಬಸ್ಸಿಗೆ ಬಂದು, ಜಾಡಿ ತೊಳೆದು, ಸತು ಮತ್ತು ತಾಮ್ರದ ಪಟ್ಟಿಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಸಾಲಾಗಿ ಇಡುವುದು ನನ್ನ ಕೆಲಸ.

ಜಗಳೂರಿನಿಂದ ವರ್ಗವಾಗಿ ಬಂದ ಮೇಷ್ಟ್ರು ಬಂದ ವಾರವೇ ಒಂದು ಸುಧಾರಣೆ ತಂದರು. ಕೆಂಪು ವೈರಿಗೆಲ್ಲ ‘ಆನೋಡ್’, ಕಪ್ಪು ವೈರಿಗೆಲ್ಲ ‘ಕ್ಯಾಥೋಡ್’ ಎಂದು ಚೀಟಿ ಅಂಟಿಸಬೇಕಂತೆ. ಪ್ಲಸ್ ಆನೋಡ್, ಮೈನಸ್ ಕ್ಯಾಥೋಡ್, ಮುಗಿಯಿತು. ಮಕ್ಕಳು ಯೋಚನೆ ಮಾಡುವ ಗೋಜೇ ಇಲ್ಲ ಎಂದರು. ಇವರೂ ಆ ಗೋಜಿಗೆ ಹೋದವರಲ್ಲ. ನಾನು ಕತ್ತರಿಸಿದೆ, ಅಂಟಿಸಿದೆ.

ಎರಡು ತಾಮ್ರದ ಪಟ್ಟಿಗೆ ಬ್ಯಾಟರಿ ಕೊಟ್ಟು ಕರೆಂಟು ಹಾಯಿಸುವ ಪ್ರಯೋಗದಲ್ಲಿ ಚೀಟಿ ಸರಿಹೋಯಿತು. ಆಮೇಲೆ ಬಂತು ಸತು–ತಾಮ್ರದ ಕೋಶ. ಅದು ತಾನೇ ಕರೆಂಟು ಹುಟ್ಟಿಸುವಂಥದ್ದು. ಅಲ್ಲಿ ಪ್ಲಸ್ ಆಗುವುದು ತಾಮ್ರ, ಕೆಂಪು ವೈರು ಅದಕ್ಕೇ. ನ್ಯಾಮತಿಯಿಂದ ಬರುವ ಒಬ್ಬ ಹುಡುಗಿ ಆನೋಡ್ ಚೀಟಿಯನ್ನು ಕಿತ್ತು ಸತುವಿನ ಕಡೆಯ ಕಪ್ಪು ವೈರಿಗೆ ಅಂಟಿಸಿದಳು. ರೆಕಾರ್ಡಿನಲ್ಲೂ ಹಾಗೇ ಬರೆದಳು.

“ಚೀಟಿ ಕೀಳಾಕೆ ಯಾರಮ್ಮ ಹೇಳಿದ್ದು? ನೀನೇನು ವಿಜ್ಞಾನಿನಾ?”

“ಎಲೆಕ್ಟ್ರಾನ್ ಬಿಟ್ಟುಕೊಡಾದು ಸತು ಸರ್. ಆಕ್ಸಿಡೇಷನ್ ಅಲ್ಲೇ ಆಗಾದು. ಅದೇ ಆನೋಡ್.”

“ಅದು ಮೈನಸ್ ಐತೆ. ಮೈನಸ್ ಹೆಂಗೆ ಆನೋಡ್ ಆಗ್ತತೆ? ತಿದ್ದಿ ತಗಂಡು ಬಾ. ಅಲ್ಲಿ ತನಕ ಸಹಿ ಇಲ್ಲ.”

ರೆಕಾರ್ಡಿಗೆ ಸಹಿ ಇಲ್ಲದಿದ್ದರೆ ಮರುದಿನದ ಪ್ರಾಯೋಗಿಕ ಪರೀಕ್ಷೆಗೆ ಕೂರಿಸುವುದಿಲ್ಲ. ಹುಡುಗಿಯ ಕಣ್ಣಲ್ಲಿ ನೀರು ನಿಂತಿತು, ಆದರೆ ಅವಳು ಪೆನ್ನು ಮುಟ್ಟಲಿಲ್ಲ.

ನನಗೆ ತಡೆಯಲಾಗಲಿಲ್ಲ. ತಿಂದುಹೋದಂತೆ ತೆಳ್ಳಗಾದ ಒಂದು ಸತುವಿನ ಪಟ್ಟಿಯನ್ನು ತಂದು ಅವರ ಮುಂದಿಟ್ಟೆ.

“ಈ ಕೋಶದಾಗೆ ಸವೆಯಾದು ಸತು ಸರ್, ತಾಮ್ರದ ಮೇಲೆ ತಾಮ್ರ ಕೂರ್ತತೆ. ಆವತ್ತು ಬ್ಯಾಟರಿ ಕೊಟ್ಟಾಗ್ಲೂ ನಿಮ್ಮ ಆನೋಡೇ ಸವೆದಿತ್ತು. ಸವೆಯಾದ್ನ ನೋಡ್ರಿ, ವೈರಿನ ಬಣ್ಣ ಏನ್ ನೋಡ್ತೀರಿ?”

“ಪಟ್ಟಿ ತಿಕ್ಕೋರೂ ಪಾಠ ಹೇಳಾಕೆ ಬಂದ್ರಪ್ಪ!”

ಹುಡುಗಿ ಪಠ್ಯಪುಸ್ತಕ ತೆರೆದು ಚಾಚಿದಳು. “ನೀವೇ ಓದ್ರಿ ಸರ್.”

ಗತ್ತಿನಿಂದಲೇ ಓದಲು ತೊಡಗಿದರು. ಆಕ್ಸಿಡೇಷನ್ ನಡೆಯುವ ವಿದ್ಯುದ್ವಾರವೇ ಆನೋಡ್, ರಿಡಕ್ಷನ್ ನಡೆಯುವುದು ಕ್ಯಾಥೋಡ್ ಎಂದಿತ್ತು. ಪ್ಲಸ್ಸು ಮೈನಸ್ಸಿನ ಸುದ್ದಿಯೇ ಇರಲಿಲ್ಲ. ಅರ್ಧಕ್ಕೇ ದನಿ ಇಳಿಯಿತು. ಇಷ್ಟು ವರ್ಷ ಪಾಠ ಮಾಡಿದ ಮನುಷ್ಯ ಆ ಸಾಲನ್ನು ಅಂದೇ ಮೊದಲ ಸಲ ಓದುತ್ತಿದ್ದಂತಿತ್ತು. ತಲೆ ಎತ್ತದೆ ಸಹಿ ಗೀಚಿದರು.

ಮಧ್ಯಾಹ್ನ ಸ್ಟಾಫ್ ರೂಮಿಗೆ ಕುಡಿಯುವ ನೀರು ಇಡಲು ಹೋದೆ. ಮೇಷ್ಟ್ರು ಎಲ್ಲರಿಗೂ ಹೇಳುತ್ತಿದ್ದರು: “ಅಟೆಂಡರಮ್ಮ ಚೀಟಿ ಅದಲುಬದಲು ಅಂಟ್ಸಿಬಿಟ್ಟಿದ್ರು. ನಾನ್ ನೋಡಿದ್ದಕ್ಕೆ ಆತು.”

ನನ್ನನ್ನು ಕಂಡರೂ ಮಾತು ನಿಲ್ಲಿಸಲಿಲ್ಲ, ನಕ್ಕರು. ನಾನು ಜಗ್ಗು ಇಟ್ಟು ಹೊರಗೆ ಬಂದೆ. ಹುಡುಗಿಗೆ ಸಹಿ ಸಿಕ್ಕಿತ್ತು. ಇಂಥವರ ಕೈಯಿಂದ ಆಗಬಹುದಾದ ಒಳ್ಳೆಯ ಕೆಲಸ ಅಷ್ಟೇ. ಅದನ್ನೂ ಇಬ್ಬರು ನಿಂತು ಮಾಡಿಸಬೇಕು.