ಏಳನೇ ನಂಬರಿನ ಟಿಕ್ ಟಿಕ್

ನಂಬ್ಲೇಬೇಕು ಅಂತ ಒತ್ತಾಯ ಇಲ್ಲ ಮಾರಾಯ್ರೆ. ಆದ್ರೆ ಕಟ್ಟುಕತೆ ಅಂತ ಮಾತ್ರ ನನ್ನ ಮುಖಕ್ಕೆ ಹೇಳ್ಬೇಡಿ. ಅನುಭವಿಸಿದವ ನಾನು.

ಎರಡು ಸಾವಿರದ ಆರೋ ಏಳೋ ಇರ್ಬೇಕು. ಕತಾರಿನ ದುಖಾನ್ ಕಡೆ ಮರುಭೂಮಿಯಲ್ಲಿ ದಬ್‌ಗಳ ಹಿಂದೆ ಅಲೆಯೋದು ನನ್ನ ಕೆಲಸ. ದಬ್ ಅಂದ್ರೆ ಮುಳ್ಳುಬಾಲದ, ಉಡದಷ್ಟು ದಪ್ಪದ ಓತಿ. ಬಾಲದ ಬುಡಕ್ಕೆ ಪುಟ್ಟ ಟ್ರಾನ್ಸ್‌ಮಿಟರ್ ಅಂಟಿಸಿ ಬಿಡ್ತಿದ್ದೆವು. ಯಾವ ಕಾಲದಲ್ಲಿ ಎಷ್ಟು ದೂರ ಹೋಗ್ತದೆ, ಯಾವ ಬಿಲಕ್ಕೆ ವಾಪಸ್ ಬರ್ತದೆ, ಎಲ್ಲ ರಿಸೀವರಿನ ಟಿಕ್ ಟಿಕ್ ಕೇಳಿಯೇ ಗೊತ್ತಾಗೋದು.

ಏಳನೇ ನಂಬರಿನದ್ದು ಹೆಣ್ಣು. ಹೊಟ್ಟೆ ತುಂಬ ಮೊಟ್ಟೆ. ಅದರ ಬಿಲ ಇದ್ದಲ್ಲೇ ಒಬ್ಬ ಕಂಟ್ರಾಕ್ಟರಿಗೆ ಕಾಂಕ್ರೀಟ್ ಹಾಕ್ಲಿಕ್ಕಿತ್ತು. ನಾವು ಸಿಗ್ನಲ್ ನೋಡಿ, ಬಿಲ ಖಾಲಿ ಅಂತ ಸಹಿ ಹಾಕಿದ್ರೆ ಮಾತ್ರ ಕೆಲಸ ಶುರು.

ಸಂಜೆ ನೋಡಿದೆ. ಟಿಕ್... ಟಿಕ್... ಒಳಗೇ ಉಂಟು!

ಉಂಟು ಅಂತ ಬರೆದ್ರೆ ಅಗೆದು ತೆಗೆಯೋ ತನಕ ಎರಡು ದಿನ ನಾನಲ್ಲೇ ಕೂರ್ಬೇಕು. ಮರುದಿನ ಬೆಳಿಗ್ಗೆ ಊರಿನ ಫ್ಲೈಟು. ಹೆಂಡತಿ ಶಶಿಗೆ ಒಂಬತ್ತು ತಿಂಗಳು, ಚೊಚ್ಚಲು.

"ಮಾಫಿ, ಖಲಾಸ್," ಒಳಗೆ ಎಂತದೂ ಇಲ್ಲ, ಮುಗೀತು ಅಂತ ಫೋರ್‌ಮನ್ನಿಗೆ ಅರಬಿಯಲ್ಲಿ ಹೇಳಿ ಸಹಿ ಗೀಚಿದೆ.

ನಮ್ಮ ಡ್ರೈವರ್ ಹಸನ್ ಬ್ಯಾರಿ, ಉಳ್ಳಾಲದವರು, ನನ್ನ ಕೈ ಹಿಡಿದರು. "ಪಾಪ ಮಾರಾಯ... ಬಸುರಿ ಅಲ್ವಾ ಅದು?"

"ಹಾಗಾದ್ರೆ ನೀವೇ ಬಾಣಂತನ ಮಾಡಿ ಬ್ಯಾರಿಗಳೇ!" ಅಂತ ನಕ್ಕೆ. ಎಂತ ನಾಲಿಗೆ ನನ್ನದು...

ಲೈಟ್ ಹಾಕಿ ಕಾಂಕ್ರೀಟ್ ಸುರಿದ್ರು. ನಾನು ನೋಡ್ತಾ ನಿಂತಿದ್ದೆ.

ರಾತ್ರಿ ದೋಹಾದ ಅಲ್ ಹಿಲಾಲಿನಲ್ಲಿ ನಾನೂ ಬ್ಯಾರಿಗಳೂ ಒಟ್ಟಿಗಿದ್ದ ರೂಮಿನಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದೆ. ಹಸಿ ಸಿಮೆಂಟಿನ ವಾಸನೆ... ಸ್ನಾನ ಮಾಡಿದ್ರೂ ಹೋಗ್ಲಿಲ್ಲ. ಆಮೇಲೆ ಕೇಳಿಸಿತು.

ಟಿಕ್... ಟಿಕ್...

ಮೂಲೆಯಲ್ಲಿಟ್ಟಿದ್ದ ರಿಸೀವರ್! ಒಂದು ಕಿಲೋಮೀಟರ್ ದಾಟಿದ್ರೆ ಎಂತದೂ ಕೇಳದ ಮೆಷಿನ್ ಅದು. ದುಖಾನ್ ಎಲ್ಲಿ, ದೋಹಾ ಎಲ್ಲಿ! ಬ್ಯಾಟರಿ ಕಿತ್ತೆ. ನಿಲ್ಲಲಿಲ್ಲ. ಆಂಟೆನಾ ತಿರುಗಿಸಿದೆ... ಕಿಟಕಿ ಕಡೆ ಸಣ್ಣಗೆ. ಪೆಟ್ಟಿಗೆ ಕಡೆ ಜೋರು. ಮೇಲೆ ಮಡಚಿಟ್ಟಿದ್ದ ಮಗುವಿನ ಅಂಗಿಯ ಹತ್ತಿರ ಹಿಡಿದೆ, ಕಿವಿ ಒಡೆಯುವಷ್ಟು!

"ಬ್ಯಾರಿಗಳೇ... ನಿಮಗೂ ಕೇಳ್ತಾ ಉಂಟಾ?"

"ಕೇಳ್ತದೆ," ಹಾಸಿಗೆಯಿಂದಲೇ ಪಿಸುಗುಟ್ಟಿದರು. "ಮೆಲ್ಲ ಆಗ್ತಾ ಉಂಟು..."

ಹೌದು. ಮೆಲ್ಲ... ಇನ್ನೂ ಮೆಲ್ಲ... ನಿಂತೇಹೋಯಿತು.

ಅಷ್ಟರಲ್ಲಿ ಫೋನ್. ಊರಿಂದ ಅತ್ತೆ, ಅಳ್ತಾ ಇದ್ರು. "ಮಗುವಿನ ಎದೆಬಡಿತ ಈಗಷ್ಟೇ ನಿಂತಿತಂತೆ..."

ನಮಗೆ ಮತ್ತೆ ಮಕ್ಕಳಾಗಲಿಲ್ಲ. ಇವತ್ತಿಗೂ ಕೆಲವು ರಾತ್ರಿ ಶಶಿ ಕತ್ತಲಲ್ಲಿ ಹೇಳ್ತಾಳೆ, "ಅವತ್ತು ಸಂಜೆಯಿಂದ ಹೊಟ್ಟೆಯೊಳಗೆ ಉಗುರಲ್ಲಿ ಕೆರೆದ ಹಾಗೆ ಆಗ್ತಿತ್ತು ರೀ... ಹೊರಗೆ ಬರ್ಲಿಕ್ಕೆ ದಾರಿ ಹುಡುಕಿದ ಹಾಗೆ."

ನಾನು ಹೂಂ ಅಂತ ಮಗ್ಗುಲು ಬದಲಿಸ್ತೇನೆ. ಸಹಿ ಹಾಕಿದ ಸಂಗತಿ ಅವಳಿಗೆ ಇನ್ನೂ ಹೇಳಿಲ್ಲ.