ಸೀಟಿ ಊದುವುದಕ್ಕೆ ಮೊದಲು

ಪ್ರವಾಸ ಹೊರಡುವ ಹಿಂದಿನ ಸಂಜೆ ಊಟದ ಮೇಜಿನ ಮೇಲೆ ನನ್ನಿಂದ ಒಂದು ಮಾತು ತೆಗೆದುಕೊಳ್ಳಲಾಯಿತು. ತೆಗೆದುಕೊಂಡವಳು ಹತ್ತನೆಯ ತರಗತಿಯ ನನ್ನ ಮಗಳು. ಸಾಕ್ಷಿಗೆ ಹೆಂಡತಿ.

"ಪಪ್ಪಾ, ಒನ್ ಡೇ. ಜಸ್ಟ್ ಒನ್ ಡೇ. ಜಾಗ್ರತೆ ಅಂತ ಹೇಳ್ಬಾರ್ದು. ವಾಪಸ್ ಬಾ ಅಂತ ಕಿರುಚ್ಬಾರ್ದು. ಪ್ರಾಮಿಸ್?"

"ಮುಖದಲ್ಲಿ ಕೂಡ ತೋರಿಸ್ಬಾರ್ದು," ಹೆಂಡತಿ ಸೇರಿಸಿದಳು. "ಇವರದ್ದು ಬಾಯಿಗಿಂತ ಮುಖವೇ ಜೋರು."

ಅವರನ್ನು ದೂರುವಂತಿಲ್ಲ. ಮಸ್ಕತ್ತಿನ ದಾರ್ಸೈಟ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಐದನೆಯ ಮಹಡಿಗೆ ಮೆಟ್ಟಿಲು ಹತ್ತಿ ಹೋಗುವ ಏಕೈಕ ಆರೋಗ್ಯವಂತ ಮನುಷ್ಯ ನಾನು. ಲಿಫ್ಟು ನಡುವೆ ನಿಂತರೆ ಎಂಬ ಯೋಚನೆ. ಗ್ಯಾಸಿನ ಒಲೆ ಆರಿಸಿದ್ದೇನೆಯೇ ಎಂದು ನೋಡಲು ರೂವಿಯ ಆಫೀಸಿನಿಂದ ಮಧ್ಯಾಹ್ನ ಮನೆಗೆ ಬಂದವನು. ಹಿಂದಿನ ವರ್ಷ ಮಗಳ ಗೆಳತಿಯ ಹುಟ್ಟುಹಬ್ಬ ಕಡಲತೀರದಲ್ಲಿ ನಡೆದಾಗ, ನಾನು ಪ್ಯಾಂಟು ಮಡಚಿ ಸೊಂಟದವರೆಗೆ ನೀರಿನಲ್ಲಿ ನಿಂತು, ಇದರಾಚೆ ಯಾರೂ ಹೋಗಕೂಡದೆಂದು ಗಡಿಕಲ್ಲಿನಂತೆ ಎರಡು ಗಂಟೆ ಕಾದಿದ್ದೆ. ಗಡಿಕಲ್ಲಿಗೆ ಈಜು ಬರುವುದಿಲ್ಲ ಎಂಬುದು ಎಲ್ಲ ಹುಡುಗಿಯರಿಗೂ ಗೊತ್ತಿತ್ತು. ಮಗಳು ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಮಾತಾಡಿದರೂ, ನಾನು ಹೇಳಿದ್ದಕ್ಕೆ ಕಿವಿಗೊಡುವುದನ್ನು ಬಿಟ್ಟುಬಿಟ್ಟಳು. ಹಾಗಾಗಿ ಪ್ರಾಮಿಸ್ ಕೊಟ್ಟೆ.

ಮಾರ್ಚ್ ತಿಂಗಳ ಒಂದು ಶುಕ್ರವಾರ. ಕಟ್ಟಡದ ಹದಿಮೂರು ಜನ, ಒಂದು ಸಣ್ಣ ಬಸ್ಸು. ಹೆಚ್ಚಿನವರು ಉಡುಪಿ, ಮಂಗಳೂರು ಕಡೆಯವರು. ಏರ್ಪಾಡೆಲ್ಲ ನಮ್ಮ ಎದುರು ಫ್ಲ್ಯಾಟಿನವರದು. ಅವರು ನನ್ನನ್ನು ಹೆಸರಿನಿಂದ ಕರೆಯುವುದಿಲ್ಲ, ಹವಾಮಾನ ಇಲಾಖೆ ಎನ್ನುತ್ತಾರೆ.

"ಹವಾಮಾನ ಇಲಾಖೆಯವರೇ, ಇವತ್ತು ಎಂತ? ಸುನಾಮಿಯಾ, ಭೂಕಂಪವಾ?"

"ಇವತ್ತು ರಜೆ," ಎಂದೆ. ಮಗಳು ಹಿಂದಿನ ಸೀಟಿನಿಂದ ಹೆಬ್ಬೆರಳು ಎತ್ತಿ ತೋರಿಸಿದಳು.

ಗೈಡ್ ಐವತ್ತು ದಾಟಿದ ಒಮಾನಿ. ಸೂರ್ ಕಡೆಯವನು, ಮೊದಲು ಮೀನುಗಾರನಾಗಿದ್ದನಂತೆ. ನಮ್ಮಂಥವರ ಸಹವಾಸದಲ್ಲಿ ಕಲಿತ ಹಿಂದಿ ಅವನದು. ಲಿಂಗ ವಚನಗಳ ಹಂಗಿಲ್ಲದ್ದು, ನಮ್ಮದರ ಹಾಗೆಯೇ. ಎಲ್ಲಕ್ಕಿಂತ ದೂರದ ಜಾಗಕ್ಕೆ ಮೊದಲು ಹೋಗಿ, ಹಿಂತಿರುಗುತ್ತ ಉಳಿದವನ್ನು ನೋಡುವುದು ಅವನ ಕ್ರಮ. ಹಾಗಾಗಿ ಬೆಳಗಿನ ಎಂಟು ಗಂಟೆಗೆ ನಾವು ಖಲ್ಹಾತಿನಲ್ಲಿ, ಅಂದರೆ ಹಾಳೂರಿನಲ್ಲಿ ನಿಂತಿದ್ದೆವು.

ಬೆಟ್ಟಕ್ಕೂ ಕಡಲಿಗೂ ನಡುವಿನ ಇಳಿಜಾರಿನಲ್ಲಿ ಒಂದು ಇಡೀ ಪಟ್ಟಣ ಕಲ್ಲು ಕಲ್ಲಾಗಿ ಬಿದ್ದುಕೊಂಡಿತ್ತು. ನಿಂತಿರುವುದೆಂದರೆ ಚಾವಣಿ ಕಳಚಿದ ಒಂದು ಗೋರಿ ಮಾತ್ರ. ಒಂದು ಕಾಲದಲ್ಲಿ ಇಲ್ಲಿಂದ ಕುದುರೆ ತುಂಬಿದ ಹಡಗುಗಳು ನಿಮ್ಮ ಕಡೆಗೆ ಹೋಗುತ್ತಿದ್ದವು ಎಂದ ಗೈಡ್.

"ಅಂದ್ರೆ ನಮ್ಮೂರಿಗೂ ಇಲ್ಲಿಗೂ ಕುದುರೆ ಕಾಲದಿಂದ ಸಂಬಂಧ ಉಂಟು," ಎದುರು ಫ್ಲ್ಯಾಟಿನವರು ಹೆಮ್ಮೆಪಟ್ಟರು. "ಕುದುರೆಗೆ ವೀಸಾ ಬೇಕಿರ್ಲಿಲ್ಲ, ಅಷ್ಟೆ."

ಎಲ್ಲರೂ ನಕ್ಕರು. ನಾನು ಮೆಟ್ಟಿಲುಗಳನ್ನು ನೋಡುತ್ತಿದ್ದೆ. ಐದಾರು ಮೆಟ್ಟಿಲು ಮೇಲೇರಿ, ಅಲ್ಲಿಗೆ ಮುಗಿದು, ಆಚೆಗೆ ಬರೀ ಆಕಾಶ. ಅರ್ಧ ಊರನ್ನು ಭೂಕಂಪ ಕೆಡವಿತು, ಉಳಿದದ್ದನ್ನು ಪೋರ್ಚುಗೀಸರು ಸುಟ್ಟರು ಎಂದು ಗೈಡ್ ಹೇಳಿದ. ಊರಿನ ಪಕ್ಕದಲ್ಲೇ ಬೆಟ್ಟದಿಂದ ಇಳಿಯುವ ಒಂದು ಒಣ ಕೊರಕಲು. ಅದರ ಬಾಯಲ್ಲಿ ಕಾರಿನಷ್ಟು ದೊಡ್ಡ ಬಂಡೆಗಳು, ಯಾರೋ ಆಟವಾಡಿ ಬಿಟ್ಟುಹೋದಂತೆ ಬಿದ್ದಿದ್ದವು. ಇವನ್ನು ಇಲ್ಲಿಗೆ ತಂದವರು ಯಾರು ಎಂದು ಕೇಳಿದೆ.

"ಪಾನಿ," ಎಂದ ಗೈಡ್. ನೀರು. ಅಲ್ಲಿ ಒಂದು ಹನಿ ನೀರಿರಲಿಲ್ಲ. ಕಲ್ಲುಗಳು ಬೆಳಿಗ್ಗೆಯೇ ಸುಡುತ್ತಿದ್ದವು.

ಅಲ್ಲಿಂದ ಫಿನ್ಸ್ ಎಂಬ ಕಡಲತೀರಕ್ಕೆ. ಮುಖಕ್ಕೆ ಕನ್ನಡಕ ಬಿಗಿದು, ಬಾಯಲ್ಲಿ ಕೊಳವೆ ಕಚ್ಚಿ, ಮುಖ ಕೆಳಗೆ ಮಾಡಿ ತೇಲುತ್ತ ಮೀನು ನೋಡುವುದು ಕಾರ್ಯಕ್ರಮ. ದಡದಿಂದ ನೋಡುವವನಿಗೆ ಈ ಭಂಗಿ ಹೇಗೆ ಕಾಣುತ್ತದೆಂದು ಇದನ್ನು ಕಂಡುಹಿಡಿದವರು ಯೋಚಿಸಿಲ್ಲ. ಹನ್ನೊಂದು ಮಂದಿ, ನನ್ನ ಹೆಂಡತಿ ಮಗಳೂ ಸೇರಿ, ನೀರಿನ ಮೇಲೆ ಕವುಚಿ ಬಿದ್ದಿದ್ದರು. ನಾನು ಕೊಳವೆಗಳನ್ನು ಎಣಿಸುತ್ತಿದ್ದೆ. ಹನ್ನೊಂದು. ಹನ್ನೊಂದು. ಹತ್ತು. ದವಡೆ ಕಚ್ಚಿ ಹಿಡಿದೆ. ಮಾತು ಕೊಟ್ಟಾಗಿದೆ. ಹನ್ನೊಂದನೆಯದು ಎಷ್ಟೋ ಹೊತ್ತಿನ ಮೇಲೆ ಬೇರೆಲ್ಲೋ ಎದ್ದಿತು, ಅದು ಮಗಳು. "ಟರ್ಟಲ್! ಟರ್ಟಲ್!" ಎಂದು ಕೂಗುತ್ತಿದ್ದಳು. ನಾನು ಕೈಬೀಸಿ ನಕ್ಕೆ.

ಗೈಡ್ ಪಕ್ಕಕ್ಕೆ ಬಂದು ನಿಂತಿದ್ದ. "ಗಿನ್ತಾ ಹೈ?" ಎಂದು ಮೆಲ್ಲಗೆ ಕೇಳಿದ. ಎಣಿಸುತ್ತಿದ್ದೀಯಾ? ಹೌದೆಂದು ತಲೆಯಾಡಿಸಿದೆ. "ಮೈ ಭೀ," ಎಂದ. ನಾನೂ.

ಇಪ್ಪತ್ತು ವರ್ಷಗಳ ಗಲ್ಫ್ ವಾಸದಲ್ಲಿ ಯಾರೂ ನನ್ನನ್ನು ಅಷ್ಟು ಸಮಾಧಾನಪಡಿಸಿರಲಿಲ್ಲ.

ಮೂರನೆಯದು ವಾದಿ. ಬೆಟ್ಟದ ನೀರು ಕಡಲಿಗೆ ಇಳಿಯುವ ಕಣಿವೆಗೆ ಇಲ್ಲಿ ವಾದಿ ಎನ್ನುತ್ತಾರೆ. ನಾವು ಹೋದ ವಾದಿಯಲ್ಲಿ ಮುಕ್ಕಾಲು ಗಂಟೆ ನಡೆಯಬೇಕು. ಎರಡೂ ಕಡೆ ಎತ್ತರದ ಬಂಡೆಗೋಡೆ, ನಡುವೆ ಖರ್ಜೂರದ ಮರಗಳು, ಆಮೇಲೆ ಒಂದರ ಹಿಂದೆ ಒಂದು ಹಸಿರು ಮಡುಗಳು. ಕೊನೆಯ ಮಡುವಿನಲ್ಲಿ ಈಜಿಕೊಂಡು ಹೋದರೆ, ತಲೆಯಷ್ಟೇ ತೂರುವ ಒಂದು ಬಂಡೆಸೀಳು, ಅದರೊಳಗೆ ಗುಹೆ, ಗುಹೆಯೊಳಗೆ ಜಲಪಾತ. ಕೇಳುವಾಗಲೇ ನನ್ನ ಮುಖ ಏನಾಯಿತೋ, ಹೆಂಡತಿ ಮೊಣಕೈಯಿಂದ ತಿವಿದಳು.

ಫೋನಿನ ಸಿಗ್ನಲ್ ಹೋಗುವ ಮೊದಲು ಗೈಡ್ ಬೆಟ್ಟದ ಮೇಲಿನ ಹಳ್ಳಿಯಲ್ಲಿರುವ ತನ್ನ ಸಂಬಂಧಿಕನಿಗೆ ಫೋನ್ ಮಾಡಿದ. ಮೇಲೆ ಬಿಸಿಲಿದೆ ಎಂದು ಉತ್ತರ ಬಂತು. ಮಡುವಿನ ಬಳಿ ಹನ್ನೊಂದು ಜನ ನೀರಿಗಿಳಿಯಲು ಸಿದ್ಧರಾದರು. ಹೆಂಡತಿ ದೋಣಿಯಲ್ಲಿ ಹೊಳೆ ದಾಟಿ ಶಾಲೆಗೆ ಹೋದವಳು, ಅವಳಿಗೆ ಈಜು ಸಲೀಸು. ದಡದಲ್ಲಿ ಉಳಿದವರು ಇಬ್ಬರು: ಮಂಡಿನೋವಿನ ಎದುರು ಫ್ಲ್ಯಾಟಿನವರು, ಮತ್ತೆ ಕಡಲಿನಿಂದ ಎರಡು ಮೈಲಿಯಲ್ಲಿ ಹುಟ್ಟಿಯೂ ಈಜು ಬಾರದ ನಾನು.

ಗೈಡ್ ಕುತ್ತಿಗೆಯಲ್ಲಿದ್ದ ಸೀಟಿ ತೆಗೆದು ನನಗೆ ಹಾಕಿದ. ಗುಡುಗಿನ ಸದ್ದು ಕೇಳಿದರೆ, ನೀರಿನ ಬಣ್ಣ ಬದಲಾದರೆ ಊದಬೇಕು. ಯೋಚನೆ ಮಾಡಬಾರದು, ಊದಬೇಕು. ಎದುರು ಫ್ಲ್ಯಾಟಿನವರು ನಗತೊಡಗಿದರು.

"ಅಯ್ಯೋ, ಇವರಿಗಾ? ಇವರು ಕಾಗೆ ಹಾರಿದ್ರೂ ಊದಿಯಾರು!"

ಅದನ್ನು ಹಿಂದಿಯಲ್ಲಿ ಗೈಡಿಗೂ ಹೇಳಿದರು. ಅವನು ನಗಲಿಲ್ಲ. "ಡರ್ತಾ ಹೈ. ಅಚ್ಛಾ ಹೈ," ಎಂದ. ಹೆದರುವವನು; ಒಳ್ಳೆಯದೇ.

ಗೈಡಿನ ಹಿಂದೆ ತಲೆಗಳು ಒಂದೊಂದಾಗಿ ತಿರುವಿನಲ್ಲಿ ಮರೆಯಾದವು. ಎದುರು ಫ್ಲ್ಯಾಟಿನವರು ಅಕ್ಕಿಯುಂಡೆಗಳ, ಅಂದರೆ ಪುಂಡಿಯ ಡಬ್ಬಿ ಬಿಚ್ಚಿದರು. ತೆಂಗಿನಕಾಯಿ ಚಟ್ನಿಯೂ ಇತ್ತು. ತಲೆಯ ಮೇಲೆ ಎರಡು ಗೋಡೆಗಳ ನಡುವೆ ಆಕಾಶ ರಿಬ್ಬನ್ನಿನಂತೆ, ನೀಲಿ. ಎರಡನೆಯ ಪುಂಡಿ ಬಾಯಲ್ಲಿರುವಾಗ ಸದ್ದು ಕೇಳಿಸಿತು. ಮೇಲಿನ ಫ್ಲ್ಯಾಟಿನಲ್ಲಿ ಯಾರೋ ಕಪಾಟು ಎಳೆದಂತೆ. ವಾಚು ನೋಡಿದೆ. ಹನ್ನೊಂದು ನಲವತ್ತು. ನೋಡದಿದ್ದರೆ ಒಳ್ಳೆಯದಿತ್ತು.

"ಗುಡುಗಾ?" ಎಂದೆ.

"ಗುಡುಗೇ ಮಾರಾಯ್ರೆ!" ಅವರ ಮುಖ ಅರಳಿತು. "ಮಳೆ! ಎಷ್ಟು ತಿಂಗಳಾಯ್ತು!"

ಇದನ್ನು ಇಲ್ಲಿ ಬಾಳದವರಿಗೆ ವಿವರಿಸುವುದು ಕಷ್ಟ. ನಾವು ಕರಾವಳಿಯವರು ಮಸ್ಕತ್ತಿನಲ್ಲಿ ಮಳೆ ಬಂದರೆ ಒಳಗೆ ಓಡುವುದಿಲ್ಲ, ಹೊರಗೆ ಓಡುತ್ತೇವೆ. ಕಾರು ತೆಗೆದು ಮಳೆ ನೋಡಲು ಹೋಗುತ್ತೇವೆ. ನೀರು ಹರಿಯುವ ಜಾಗ ಹುಡುಕಿ, ವಿಡಿಯೊ ಮಾಡಿ, ವರ್ಷಕ್ಕೆ ನಾಲ್ಕು ತಿಂಗಳು ಮಳೆಯಲ್ಲೇ ಕೊಳೆಯುವ ಊರಿನವರಿಗೆ ಕಳಿಸುತ್ತೇವೆ, ಅವರು ಯಾವತ್ತೂ ಮಳೆ ಕಾಣದವರೋ ಎಂಬಂತೆ. ರಸ್ತೆಗೆ ಅಡ್ಡ ನೀರು ಬಂದಾಗ ಇಲ್ಲಿನ ಪೊಲೀಸರು ಹಿಂದಕ್ಕೆ ಕಳಿಸುವ ಕಾರುಗಳಲ್ಲಿ ಒಂದಾದರೂ ನಮ್ಮವರದ್ದಾಗಿರುತ್ತದೆ.

ನಾಲ್ಕು ಹನಿ ಬಿತ್ತು. ಎದುರು ಫ್ಲ್ಯಾಟಿನವರು ಅಂಗೈ ಚಾಚಿದರು. ನಾನೂ ಚಾಚಿದೆ. ಬಿಸಿ ಕಲ್ಲಿನ ಮೇಲೆ ಹನಿ ಬಿದ್ದ ವಾಸನೆಯನ್ನು ಮೂಗಿನ ತುಂಬ ಎಳೆದುಕೊಂಡೆ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಯಾವ ಭಯವೂ ಇರಲಿಲ್ಲ. ಮದುವೆಯಾದಂದಿನಿಂದ ಅಂಥ ಐದು ನಿಮಿಷ ನಾನು ಕಂಡಿರಲಿಲ್ಲ.

ಮತ್ತೆ ಕಪಾಟು ಎಳೆದ ಸದ್ದು. ಸೀಟಿಯನ್ನು ತುಟಿಗಿಟ್ಟೆ. "ಊದ್ಲಾ?"

"ಎಂತಕ್ಕೆ? ಎಲ್ಲಿಯೋ ಗುಡುಗಿದ್ರೆ ಇಲ್ಲಿಗೆ ಎಂತ? ಪಾಪ, ಈಗಷ್ಟೇ ಮುಟ್ಟಿರ್ತಾರೆ. ನಿಮ್ಮ ಮಗಳು ನನ್ನತ್ರ ಹೇಳಿದ್ದಾಳೆ, ಅಂಕಲ್, ಪಪ್ಪನ್ನ ಸ್ವಲ್ಪ ನೋಡ್ಕೊಳ್ಳಿ ಅಂತ."

ಸೀಟಿ ಕೆಳಗಿಳಿಸಿದೆ. ಯೋಚನೆ ಮಾಡಬಾರದೆಂದು ಗೈಡ್ ಹೇಳಿದ್ದ, ನಾನು ಯೋಚಿಸಿದೆ. ಊದಿದರೆ ಎಲ್ಲರೂ ಜಲಪಾತ ಬಿಟ್ಟು ಈಜಿ ಬರುತ್ತಾರೆ. ಇಲ್ಲಿ ನೋಡಿದರೆ ನಾಲ್ಕು ಹನಿ ಮಳೆ. ಮಗಳ ಮುಖ ಕಣ್ಣಮುಂದೆ ಬಂತು. ಹುಟ್ಟುಹಬ್ಬದ ದಿನದ ಮುಖ. ಸುಮ್ಮನೆ ಕೂತೆ. ಮಳೆ ನಿಂತಿತು. ಮೇಲಿನ ರಿಬ್ಬನ್ನು ನೀಲಿಯಾಗಿಯೇ ಇತ್ತು.

ಮೊದಲು ಬಂದದ್ದು ಎಲೆಚೂರುಗಳು. ಆಮೇಲೆ ಸಣ್ಣ ನೊರೆ. ಆಮೇಲೆ ಮಡುವಿನ ಅಂಚಿನಲ್ಲಿ ಹಸಿರು ನೀರಿಗೆ ಯಾರೋ ಚಹಾ ಸುರಿಯುತ್ತಿದ್ದಾರೆ ಎಂಬಂತೆ ಒಂದು ಎಳೆ. ಎದುರು ಫ್ಲ್ಯಾಟಿನವರ ಕೈಯಲ್ಲಿದ್ದ ಪುಂಡಿ ಬಾಯಿಗೆ ಹೋಗಲಿಲ್ಲ.

ಊದಿದೆ. ಹನ್ನೊಂದು ಐವತ್ತೇಳು.

ಉತ್ತರವಿಲ್ಲ. ಗುಹೆಯೊಳಗೆ ಜಲಪಾತದ ಸದ್ದಿನಲ್ಲಿ ಇದೆಲ್ಲಿ ಕೇಳಬೇಕು! ಎದೆಮಟ್ಟದ ನೀರಿಗಿಳಿದು, ಬಂಡೆ ಹಿಡಿದುಕೊಂಡು, ತಿರುವಿನ ತನಕ ಹೋಗಿ ಊದಿದೆ. ಕಣ್ಣಿಗೆ ಕತ್ತಲೆ ಬರುವ ತನಕ ಊದಿದೆ. ಕೊನೆಗೆ ಗೈಡಿನ ತಲೆ ಕಾಣಿಸಿತು. ಅವನು ನನ್ನನ್ನು ನೋಡಲಿಲ್ಲ, ನೀರನ್ನು ನೋಡಿದ. "ಯಲ್ಲಾ," ಎಂದ. ನಡೆಯಿರಿ. ಬೆಳಗಿನಿಂದ ಅವನು ನೂರು ಸಲ ಹೇಳಿದ ಅದೇ ಮಾತು. ದನಿ ಮಾತ್ರ ಬೇರೆಯವನದು.

ಎಣಿಸಿದೆ. ಆರು, ಏಳು, ಹೆಂಡತಿ ಎಂಟು. ಒಂಬತ್ತು. ಹತ್ತು.

"ಅವಳೆಲ್ಲಿ?" ಎಂದು ನಾನು ಕೇಳುವ ಮೊದಲೇ ಹೆಂಡತಿ ಹಿಂದಕ್ಕೆ ತಿರುಗಿದ್ದಳು. ಗೈಡ್ ಅವಳನ್ನು ಬಂಡೆಯ ಮೇಲಕ್ಕೆ ನೂಕಿ, ತಾನೇ ವಾಪಸು ಈಜಿದ. ನೀರು ಪೂರ್ತಿ ಕಂದಾಗಿತ್ತು. ಹೆಂಡತಿ ನನ್ನ ತೋಳಿಗೆ ಉಗುರು ಚುಚ್ಚಿ ನಿಂತಳು. ನಾನು ವಾಚು ನೋಡಲಿಲ್ಲ.

ಬಂದಳು. ಗುಹೆಯಲ್ಲಿ ಜಲಪಾತದ ಮೇಲಕ್ಕೆ ಹತ್ತಲು ಒಂದು ಹಗ್ಗವಿತ್ತಂತೆ, ಅದನ್ನು ಹತ್ತಿ ಕೂತಿದ್ದಳಂತೆ. ನನ್ನ ಬಾಯಲ್ಲಿ ಸೀಟಿ ಕಂಡವಳೇ ಕೆರಳಿದಳು. "ಪಪ್ಪಾ! ಯೂ ಪ್ರಾಮಿಸ್ಡ್!"

ಗೈಡ್ ನಮ್ಮನ್ನು ಬಂದ ದಾರಿಯಲ್ಲಿ ಇಳಿಯಗೊಡಲಿಲ್ಲ. ಪಕ್ಕದ ಬಂಡೆಗೋಡೆಯ ಮೇಲೆ, ಎರಡಾಳೆತ್ತರದಲ್ಲಿ ಒಂದು ಚಪ್ಪಟೆ ಕಲ್ಲುಹಾಸಿತ್ತು, ಅಲ್ಲಿಗೆ ಹತ್ತಿಸಿದ. ಮಂಡಿನೋವಿನವರು ಎಲ್ಲರಿಗಿಂತ ಮೊದಲು ಹತ್ತಿದರು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಮೊದಲು ಗಾಳಿ ಬಂತು, ಹಸಿ ಮಣ್ಣಿನ ವಾಸನೆ ಹೊತ್ತು. ಆಮೇಲೆ ಸದ್ದು. ಆಮೇಲೆ ಒಂದು ಖರ್ಜೂರದ ಮರ, ಬೇರು ಮುಂದಾಗಿ, ಅವಸರವೇ ಇಲ್ಲದಂತೆ ತಿರುವಿನಲ್ಲಿ ಕಾಣಿಸಿಕೊಂಡಿತು. ಅದರ ಹಿಂದೆ ನೀರು. ಬಂಡೆಸೀಳು ಮುಚ್ಚಿಹೋಯಿತು, ನಾವು ಕೂತಿದ್ದ ಜಾಗ ಮುಚ್ಚಿಹೋಯಿತು. ತಳದಲ್ಲಿ ಬಂಡೆಗಳು ಒಂದಕ್ಕೊಂದು ಬಡಿಯುವ ಸದ್ದು ನಮ್ಮ ಪಾದದಲ್ಲಿ ಕೇಳುತ್ತಿತ್ತು. ಒಂದು ಆಡು ತೇಲಿಹೋಯಿತು, ಕಣ್ಣು ತೆರೆದಿತ್ತು. ಮಗಳು ನನ್ನ ಅಂಗಿ ಹಿಡಿದುಕೊಂಡಳು. ಇಷ್ಟೆಲ್ಲ ಆಗುವಾಗಲೂ ಮೇಲಿನ ಆಕಾಶ ನೀಲಿಯಾಗಿಯೇ ಇತ್ತು.

ಆ ಹಾಸಿನ ಮೇಲೆ ಮೂರು ಗಂಟೆಗೂ ಹೆಚ್ಚು ಕೂತೆವು. ನೀರು ಇಳಿಯತೊಡಗಿದಾಗ ಗೈಡ್ ನನ್ನ ಪಕ್ಕಕ್ಕೆ ಸರಿದ. ಸೀಟಿ ವಾಪಸು ಕೊಟ್ಟೆ. ಮೊದಲ ಸದ್ದು ಕೇಳಿದ್ದು ಯಾವಾಗ ಎಂದು ಕೇಳಿದ. ಬಯ್ಯುವ ದನಿಯಲ್ಲ. ಅವನಿಗೆ ಲೆಕ್ಕ ಬೇಕಿತ್ತು. ಮೇಲೆ ಗುಡುಗಿದರೆ ನೀರು ಇಲ್ಲಿಗೆ ಮುಟ್ಟಲು ಎಷ್ಟು ಹೊತ್ತು ಎಂದು ಮುಂದಿನ ಸಲಕ್ಕೆ ತಿಳಿದಿರಬೇಕಿತ್ತು.

"ಊದುವುದಕ್ಕೆ ಒಂದು ನಿಮಿಷ ಮೊದಲು," ಎಂದೆ.

ಎದುರು ಫ್ಲ್ಯಾಟಿನವರು ತಮ್ಮ ಮಂಡಿ ಉಜ್ಜಿಕೊಳ್ಳುತ್ತ ಬೇರೆ ಕಡೆ ನೋಡಿದರು. ಗೈಡ್ ನನ್ನ ಮುಖ ನೋಡಿದ. ಬಾಯಿಗಿಂತ ಮುಖವೇ ಜೋರಾಗಿರುವ ಮನುಷ್ಯ ನಾನು. "ಖಲಾಸ್," ಎಂದು ಎದ್ದು ಹೋದ. ಮುಗಿಯಿತು. ಏನು ಮುಗಿಯಿತೋ ಗೊತ್ತಾಗಲಿಲ್ಲ. ಅವನು ಆ ಒಂದು ನಿಮಿಷವನ್ನು ನಂಬಿ, ಗುಡುಗಿದ ಸ್ವಲ್ಪ ಹೊತ್ತಿನಲ್ಲಿ ನೀರು ಬಾರದಿದ್ದರೆ ಅಪಾಯವಿಲ್ಲವೆಂದುಕೊಂಡು, ಇನ್ನೊಂದು ಗುಂಪನ್ನು ಅದೇ ಮಡುವಿಗೆ ಕರೆದೊಯ್ಯುತ್ತಾನೆಯೇ ಎಂಬ ಯೋಚನೆ ನನಗೆ ಮನೆಗೆ ಬಂದ ಮೇಲೆ ಹೊಳೆಯಿತು. ಎದುರು ಫ್ಲ್ಯಾಟಿನವರ ಹತ್ತಿರ ಅವನ ನಂಬರ್ ಇದೆ. ನಾನಿನ್ನೂ ಕೇಳಿಲ್ಲ.

ದಾರ್ಸೈಟಿನಲ್ಲಿ ಈಗ ಬೇರೆ ಕತೆ ನಡೆಯುತ್ತಿದೆ. ಹೇಳುವವರು ಎದುರು ಫ್ಲ್ಯಾಟಿನವರು. "ಮೊದ್ಲ ಗುಡುಗಿಗೇ ಊದಿದ್ದಾರೆ ಮಾರಾಯ್ರೆ! ನಾನು ಬೇಡ ಅಂದ್ರೂ ಕೇಳ್ಲಿಲ್ಲ." ಅವರಿಗೆ ತಮ್ಮ ಪಾಲು ಮರೆಯಲು ನನ್ನನ್ನು ಹೊಗಳುವುದೇ ಸುಲಭದ ದಾರಿ. ನಾವಿಬ್ಬರೇ ಇರುವಾಗ ಆ ವಿಷಯ ಬರುವುದಿಲ್ಲ. ಹವಾಮಾನ ಇಲಾಖೆ ಎಂದು ಅವರು ಈಗಲೂ ಕರೆಯುತ್ತಾರೆ, ಆದರೆ ಯಾರೂ ನಗುವುದಿಲ್ಲ. ಕೆಳಗಿನ ಮಹಡಿಯವರು ಇಬ್ರಿ ಪಟ್ಟಣಕ್ಕೆ ಹೊರಡುವ ಮೊದಲು ಬಾಗಿಲು ಬಡಿದು, ಮಳೆ ಬಂದೀತೇ ಎಂದು ನನ್ನನ್ನೇ ಕೇಳಿ ಹೋದರು.

ಕಳೆದ ವಾರ ಮಗಳು ಶಾಲೆಯ ಒಂದು ಕಾಗದ ತಂದಳು. ತರಗತಿಯವರೆಲ್ಲ ದೋಣಿಯಲ್ಲಿ ಹೋಗಿ ನೀರಿಗಿಳಿಯುವ ಕಾರ್ಯಕ್ರಮ. ಪೋಷಕರ ಸಹಿ ಬೇಕು.

"ಪಪ್ಪಾ, ನೀವು ಹೇಳಿ. ಹೋಗ್ಲಾ?"

"ಅಮ್ಮನ ಹತ್ರ ಕೇಳು."

"ಅಮ್ಮ ನಿಮ್ಮ ಹತ್ರ ಕೇಳು ಅಂದ್ರು. ಯೂ ಆಲ್ವೇಸ್ ನೋ."

ಪೆನ್ನಿನ ಮುಚ್ಚಳ ತೆಗೆದೆ. ಹದಿನೇಳು ನಿಮಿಷಗಳ ಕತೆಯನ್ನು ಅವಳಿಗೆ ಹೇಳಿಬಿಡಬೇಕೆಂದು ಬಾಯಿ ತೆರೆದೆ, ಮುಚ್ಚಿದೆ. ಬೇಡವೆಂದರೂ ನಂಬುತ್ತಾಳೆ, ಹೋಗು ಎಂದರೂ ನಂಬುತ್ತಾಳೆ. ಕುರ್ಚಿಯ ತುದಿಯಲ್ಲಿ ಕೂತು, ಫೋನನ್ನೂ ನೋಡದೆ, ನನ್ನ ಉತ್ತರಕ್ಕಾಗಿ ಕಾಯುತ್ತಿದ್ದಳು.